ತಳ ಕಾಣದ ತಪ್ಪಲೆ

೨೦೨೨ನೆಯ ಇಸವಿ, ನನಗೆ ಆಗ ನಲವತ್ತೊಂಬತ್ತು ವರ್ಷ. ಇಪ್ಪತ್ತನಾಲ್ಕು ವರ್ಷ ನಮ್ಮ ಊರಿಗೆ ಹತ್ತಿರದ ವಿಜಯಪುರ ಪಟ್ಟಣದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸಿದ ಮೇಲೆ ಗಂಟಲು ಕೈಕೊಟ್ಟಿತ್ತು. ಇನ್ನೂ ಕೂಗಿ ಪಾಠ ಮಾಡಿದರೆ ಉಳಿದಿರುವ ದನಿಯೂ ಹೋದೀತೆಂದು ವೈದ್ಯರು ಎಚ್ಚರಿಸಿದ್ದರಿಂದ ಸ್ವಯಂನಿವೃತ್ತಿ ಪಡೆದು, ಆ ವರ್ಷದ ಆಗಸ್ಟ್ ತಿಂಗಳಿಂದ ಆವತಿಯ ಆಚೆಗಿನ ನಮ್ಮ ಊರಿನ ಮನೆಯಲ್ಲಿ ಹಗಲೂ ಇರತೊಡಗಿದೆ. ನಾನು ಮದುವೆಯಾದವನಲ್ಲ. ಮೊದಲಿನಿಂದಲೂ ಅಣ್ಣ ಮತ್ತು ಅತ್ತಿಗೆಯ ಜೊತೆಗೇ ಇದ್ದವನು. ಅಣ್ಣ ಹಿಪ್ಪುನೇರಳೆ ಬೆಳೆಯುತ್ತಾನೆ, ಎರಡು ಹಸು ಕಟ್ಟಿದ್ದಾನೆ. ಅವರ ಒಬ್ಬಳೇ ಮಗಳು ಮದುವೆಯಾಗಿ ಹೊಸಕೋಟೆ ಸೇರಿದ್ದಳು. ಹೀಗೆ ಮನೆಯಲ್ಲಿದ್ದವರು ಮೂವರು, ಒಲೆ ಒಂದು.

ಹಗಲು ಹೊತ್ತಿನಲ್ಲಿ ಅಡುಗೆಮನೆಯನ್ನು ನೋಡಿದ್ದೇ ನನ್ನ ತಪ್ಪು. ಇಪ್ಪತ್ತನಾಲ್ಕು ವರ್ಷ ಅತ್ತಿಗೆ ತುಂಬಿಕೊಟ್ಟ ಊಟದ ಡಬ್ಬಿಯನ್ನು ನಾನು ಶಾಲೆಯಲ್ಲಿ ಉತ್ತರಪತ್ರಿಕೆಗಳ ಮೇಲೆ ಕಣ್ಣಿಟ್ಟುಕೊಂಡೇ ಉಂಡು ಮುಗಿಸುತ್ತಿದ್ದೆ. ರಾತ್ರಿಯ ಊಟ ಪತ್ರಿಕೆ ಓದುತ್ತ ಆಗುತ್ತಿತ್ತು. ಒಳಗೆ ಹೋಗುತ್ತಿದ್ದ ವಸ್ತು ಯಾವುದು ಎಂದು ನಾನು ಒಮ್ಮೆಯೂ ವಿಚಾರಿಸಿರಲಿಲ್ಲ. ಈಗ ವಿಚಾರಿಸಿದೆ. ಅಂದಿನಿಂದ ನನಗೆ ಹಿಡಿದ ಹೇಸಿಗೆ ಪೂರ್ತಿಯಾಗಿ ಇನ್ನೂ ಬಿಟ್ಟಿಲ್ಲ.

ಒಲೆಯ ಎಡಗಡೆ ಒಂದು ದೊಡ್ಡ ಅಲ್ಯೂಮಿನಿಯಂ ತಪ್ಪಲೆ ಇರುತ್ತಿತ್ತು. ಅದು ಸಾರಿನ ತಪ್ಪಲೆ. ಅದರ ತಳವನ್ನು ನಾನು ಕಂಡಿರಲಿಲ್ಲ. ಯಾರೂ ಕಂಡಿರಲಿಲ್ಲವೆಂದು ತೋರುತ್ತದೆ. ಭಾನುವಾರ ಅದರಲ್ಲಿ ಸೊಪ್ಪಿನ ಬಸ್ಸಾರು ಇದ್ದರೆ, ಸೋಮವಾರ ಮಿಕ್ಕ ಅರ್ಧಕ್ಕೆ ಅಲಸಂದೆ ಕಾಳು ಬೇಯಿಸಿದ ನೀರು ಬೀಳುತ್ತಿತ್ತು. ಮಂಗಳವಾರ ಬಾಡಿದ ಎರಡು ಬದನೆಕಾಯಿ. ಬುಧವಾರ ಗಟ್ಟಿ ಸಾಲದೆಂದು ಬೆಳಗಿನ ಉಪ್ಪಿಟ್ಟನ್ನೇ ಕಾಯಿಯ ಜೊತೆ ರುಬ್ಬಿ ಸುರಿಯುತ್ತಿದ್ದರು. ಚಟ್ನಿ ತೆಗೆದ ಮಿಕ್ಸಿ ಜಾರಿಗೆ ನೀರು ಹಾಕಿ, ಮುಚ್ಚಳ ಹಿಡಿದು ಗಡಗಡನೆ ಅಲುಗಿಸಿ, ತೊಳೆದ ಆ ನೀರನ್ನೂ ತಪ್ಪಲೆಗೇ ಸೇರಿಸುತ್ತಿದ್ದರು. ಹುಳಿ ಕಡಿಮೆಯೆನಿಸಿದರೆ ಮೂರು ದಿನದ ಮಜ್ಜಿಗೆ. ಖಾರ ಕಡಿಮೆಯೆನಿಸಿದರೆ ಉಪ್ಪಿನಕಾಯಿ ಜಾಡಿಯ ತಳದ ರಸ. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಸಾರಿನ ಮೇಲೆ ಸುಕ್ಕುಗಟ್ಟಿದ ಒಂದು ಕೆನೆ ಕಟ್ಟಿರುತ್ತಿತ್ತು. ಅದನ್ನು ತೆಗೆಯುತ್ತಿರಲಿಲ್ಲ. ಸೌಟಿನ ಬೆನ್ನಿನಿಂದ ಒಳಕ್ಕೆ ಅದುಮುತ್ತಿದ್ದರು.

ರುಚಿ ನೋಡುವ ಕ್ರಮ ಇನ್ನೂ ಅಸಹ್ಯವಾಗಿತ್ತು. ಸೌಟಿನಿಂದ ಅಂಗೈಗೆ ಒಂದಿಷ್ಟು ಬಿಟ್ಟುಕೊಂಡು ನೆಕ್ಕುವುದು, ಆ ಅಂಗೈಯನ್ನು ಸೆರಗಿಗೆ ಒರೆಸುವುದು, ಅದೇ ಕೈಯನ್ನು ಉಪ್ಪಿನ ಡಬ್ಬಿಗೆ ಹಾಕುವುದು. ಒಂದು ಮಧ್ಯಾಹ್ನ ತಡೆಯಲಾರದೆ ಕೇಳಿದೆ.

“ಅತ್ತಿಗೆ, ಇದು ಯಾವ ಸಾರು?”

“ಸಾರು ಕಣಪ್ಪ.”

“ಅದಲ್ಲ, ಇದಕ್ಕೆ ಏನು ಹೆಸರು?”

“ಹೆಸರಿಟ್ಟು ಕರೆಯಕ್ಕೆ ಅದೇನು ಸ್ಕೂಲ್‌ಗೆ ಬತ್ತದಾ?” ಎಂದು ಅವರು ಮುದ್ದೆಯ ಕೋಲಿನಿಂದ ಹಿಟ್ಟು ತಿರುವುತ್ತಲೇ ನಕ್ಕರು. “ಉಣ್ಣು ಮೇಷ್ಟ್ರೇ. ನಿನ್ನ ಗಂಟ್ಲಿಗೆ ಬಿಸಿ ಸಾರೇ ಔಸ್ದಿ.”

ನನಗೆ ಯಾವುದನ್ನಾದರೂ ತಿದ್ದಬೇಕಾದರೆ ಮೊದಲು ಅದನ್ನು ಬರೆದುಕೊಳ್ಳುವ ಅಭ್ಯಾಸ. ನೂರು ಪುಟದ ಒಂದು ಪುಸ್ತಕಕ್ಕೆ ಗೆರೆ ಹೊಡೆದು, ಸಾಮಗ್ರಿ, ಪ್ರಮಾಣ, ಕಾಲ ಎಂದು ಮೂರು ಅಂಕಣ ಮಾಡಿ, ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿ ಕುಳಿತೆ. ಹುಣಸೆಹಣ್ಣು ಎಷ್ಟು ಎಂದರೆ “ಹುಳಿ ಹತ್ತೋ ಅಷ್ಟು”, ಎಷ್ಟು ಹೊತ್ತು ಕುದಿಯಬೇಕು ಎಂದರೆ “ವಾಸ್ನೆ ಬದಲಾಗೋವರ್ಗೂ”, ಜನರಿಗೆ ತಕ್ಕಂತೆ ಬೇಳೆ ಎಷ್ಟು ಎಂದರೆ “ಯಾರ್ ಬತ್ತಾರೆ ಅಂತ ನಂಗೆ ಮೊದ್ಲೇ ಗೊತ್ತಾ?” ಹನ್ನೊಂದು ಪುಟ ತುಂಬಿದವು. ಯಾವ ಎರಡು ದಿನವೂ ಹೊಂದಲಿಲ್ಲ. ಹೊಲದಿಂದ ಬಂದ ಅಣ್ಣ ಪುಸ್ತಕವನ್ನು ಇಣುಕಿ ನೋಡಿ, “ಏನ್ಲಾ, ನಿಮ್ಮತ್ತಿಗೆನ ಫೇಲ್ ಮಾಡಿದ್ಯಾ?” ಎಂದ. ಇಬ್ಬರೂ ಬಹಳ ಹೊತ್ತು ನಕ್ಕರು. ನಾನು ನಗಲಿಲ್ಲ.

ಅಕ್ಟೋಬರ್ ತಿಂಗಳ ಕೊನೆಯಲ್ಲಿ ಅಣ್ಣ ವಿಜಯಪುರಕ್ಕೆ ರೇಷ್ಮೆಗೂಡು ಮಾರಲು ಹೋದವನು ಬರುವಾಗ ತಳ್ಳುಗಾಡಿಯಿಂದ ಗೋಬಿ ಮಂಚೂರಿ ಕಟ್ಟಿಸಿಕೊಂಡು ಬಂದ. ಇಬ್ಬರೂ ತಿಂದರು, ನಾನು ಮುಟ್ಟಲಿಲ್ಲ. ಮರುದಿನ ಮಧ್ಯಾಹ್ನ ಮುದ್ದೆ ಮುರಿದು ಸಾರಿನಲ್ಲಿ ಅದ್ದಿದೆ. ಸಾರಿನ ಅಂಚಿನಲ್ಲಿ ಕುಂಕುಮ ಕದಡಿದಂಥ ಕೆಂಪು ತೇಲುತ್ತಿತ್ತು. ನುಂಗಿದೆ. ಮೊದಲು ಸಿಹಿ, ಆಮೇಲೆ ಬೆಳ್ಳುಳ್ಳಿ, ಅದರ ಹಿಂದೆ ಹುರುಳಿಕಾಳು, ಎಲ್ಲಕ್ಕೂ ಹಿಂದೆ ಸುಟ್ಟ ಎಣ್ಣೆಯ ಕಮಟು. ಹಲ್ಲಿಗೆ ಮೆತ್ತಗಿನ ಉಂಡೆಯೊಂದು ಸಿಕ್ಕಿತು. ಎದ್ದು ಹಿತ್ತಲಿಗೆ ಓಡಿ ಉಗುಳಿದೆ.

“ಅದು ಗೋಬಿಯಾ?” ಎಂದು ಅಲ್ಲಿಂದಲೇ ಕೇಳಿದೆ.

“ನಾಕು ಚೂರು ಮಿಕ್ಕಿತ್ತು. ಹೂಕೋಸ್ ತಾನೇ? ಹೂಕೋಸು ತರ್ಕಾರಿ ತಾನೇ?” ಎಂದರು ಅತ್ತಿಗೆ, ನಿಜವಾಗಿಯೂ ಅಚ್ಚರಿಪಟ್ಟು.

ಮರುದಿನ ಬೆಳಿಗ್ಗೆ ಬಸ್ಸು ಹಿಡಿದು ವಿಜಯಪುರಕ್ಕೆ ಹೋದೆ. ಒಂದೇ ಬರ್ನರಿನ ಗ್ಯಾಸ್ ಒಲೆ, ಒಂದು ಚಿಕ್ಕ ಸಿಲಿಂಡರು, ಅಳತೆಯ ಲೋಟಗಳ ಒಂದು ಜೊತೆ, ಒಂದು ಪುಟ್ಟ ಮಿಕ್ಸಿ, ಮೂರು ಪಾತ್ರೆ ಕೊಂಡು, ಆಟೋ ಮಾಡಿಕೊಂಡು ಹಿಂದಿರುಗಿದೆ. ನನ್ನ ಕೋಣೆ ಮನೆಯ ಮುಂಭಾಗದಲ್ಲಿ, ಜಗಲಿಯ ಪಕ್ಕಕ್ಕೆ ಇದೆ. ಅದಕ್ಕೆ ಬೀದಿಯ ಕಡೆಗೇ ಒಂದು ಬಾಗಿಲು. ಗಾಳಿ ಆಡಲೆಂದು ಬಾಗಿಲು ತೆರೆದು, ಕಿಟಕಿಯ ಕೆಳಗಿನ ಕಲ್ಲಿನ ಮೇಲೆ ಒಲೆ ಇಟ್ಟೆ. ನನ್ನ ಉದ್ದೇಶ ಶುದ್ಧವಾಗಿತ್ತು: ಏನು ಉಣ್ಣುತ್ತಿದ್ದೇನೆ ಎಂದು ತಿಳಿದು ಉಣ್ಣಬೇಕು. ಅದಕ್ಕಿಂತ ಹೆಚ್ಚಿನ ಅರ್ಥ ನನ್ನ ಮನಸ್ಸಿನಲ್ಲಿ ಇರಲಿಲ್ಲ.

ಮೊದಲು ಕಾಫಿಗೆಂದು ಹಾಲು ಇಟ್ಟೆ. ಕಾಲು ಲೀಟರ್ ಹಾಲಿಗೆ ನಡು ಉರಿಯಲ್ಲಿ ಆರು ನಿಮಿಷ ಎಂದು ಫೋನಿನಲ್ಲಿ ನೋಡಿಕೊಂಡಿದ್ದೆ. ಕೈಗಡಿಯಾರದ ಮುಳ್ಳನ್ನೇ ನೋಡುತ್ತ ನಿಂತೆ. ನಾಲ್ಕು ನಿಮಿಷಕ್ಕೇ ಹಾಲು ಉಕ್ಕಿತು. ಚೊರ್ ಎಂದು ಒಲೆಯ ಮೇಲೆ ಹರಿದು, ಕಲ್ಲಿನಿಂದ ನೆಲಕ್ಕೆ ತೊಟ್ಟಿಕ್ಕಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಪಕ್ಕದ ಮನೆಯ ಅಜ್ಜಿ ನಿಂತಿದ್ದಾರೆ. ಹೆಪ್ಪಿಗೆ ಒಂದು ಚಮಚ ಮೊಸರು ಕೇಳಲು ಬಂದವರು. ಹೊಸ ಒಲೆ ನೋಡಿದರು, ಉಕ್ಕಿದ ಹಾಲು ನೋಡಿದರು, ಹಾಲು ಯಾವ ದಿಕ್ಕಿಗೆ ಹರಿದಿದೆ ಎಂದು ಬಗ್ಗಿಯೂ ನೋಡಿದರು. ಎರಡೂ ಕೈ ಜೋಡಿಸಿದರು.

“ಮೂಡ್ಲಕ್ಕೇ ಉಕ್ಕೈತೆ ಕಣಪ್ಪಾ, ಒಳ್ಳೇದಾಗ್ತದೆ. ಅಂತೂ ನೀವೂ ಬೇರೆ ಆದ್ರಾ?”

ನಮ್ಮ ಕಡೆ ಹೊಸ ಒಲೆಯ ಮೇಲೆ ಹಾಲು ಉಕ್ಕಿತೆಂದರೆ ಹೊಸ ಸಂಸಾರ ಹೂಡಿದಂತೆ. ಅಣ್ಣತಮ್ಮಂದಿರ ಮನೆಯಲ್ಲಿ ಎರಡನೆಯ ಒಲೆ ಉರಿದರೆ ಪಾಲಾದಂತೆ. ಹೊಲ ಅಳೆಯುವುದು, ಕಾಗದ ಮಾಡುವುದು ಎಲ್ಲ ಅದರ ಹಿಂದೆ ಬರುವ ಮಾತು. ಇದು ನನಗೆ ಗೊತ್ತಿಲ್ಲದ್ದಲ್ಲ. ಹೇಸಿಗೆಯ ರಭಸದಲ್ಲಿ ಮರೆತಿದ್ದೆ. ಅಜ್ಜಿಗೆ ಏನೋ ಸಮಜಾಯಿಷಿ ಹೇಳಲು ಹೊರಟೆ. ಅಷ್ಟರಲ್ಲಿ ಅವರು ಮೊಸರು ಮರೆತು ಹೊರಟುಹೋದರು.

ಸಂಜೆ ಡೈರಿಗೆ ಹಾಲು ಹಾಕಿ ಬಂದ ಅಣ್ಣ ಖಾಲಿ ಕ್ಯಾನನ್ನು ಜಗಲಿಯ ಮೇಲೆ ಇಟ್ಟು ನನ್ನ ಬಾಗಿಲಿಗೆ ಬಂದ. ಒಳಗೆ ಕಾಲಿಡಲಿಲ್ಲ.

“ಹಾಲು ಉಕ್ಕಿಸ್ದಂತೆ?”

“ಉಕ್ಕಿಸಲಿಲ್ಲ. ಉಕ್ಕಿತು.”

“ಡೈರೀಲಿ ನಾಕು ಜನ ಕೇಳಿದ್ರು ಕಣ್ಲಾ. ತಮ್ಮ ಬೇರೆ ಆದ್ನಂತೆ ಅಂತ ಬೇರೆಯವರು ಬಂದು ನಂಗೆ ಹೇಳ್ಬೇಕಾ? ಲೈನಲ್ಲಿ ನಿಂತ್ಕೊಂಡು ಕೇಳ್ಬೇಕಾ ನಾನು?”

“ಜನ ಏನು ಬೇಕಾದರೂ ಅಂದುಕೊಳ್ಳಲಿ.”

“ಜನ ಬಿಡು. ನೀನು ಇಲ್ಲ ಅಂದ್ಬಿಡು. ಒಂದೇ ಮಾತು. ಒಲೆ ಎತ್ತಿ ಅಟ್ಟದ ಮೇಲೆ ಹಾಕು, ಮುಗೀತು.”

ನಾನು ಇಲ್ಲ ಎನ್ನಬೇಕಾಗಿತ್ತು. ಎರಡಕ್ಷರ. ಆದರೆ ಒಲೆ ಎತ್ತಿದರೆ ಮರುದಿನ ಮಧ್ಯಾಹ್ನ ಮತ್ತೆ ಆ ತಪ್ಪಲೆಯ ಮುಂದೆ ಕೂರಬೇಕು. ಆ ಕೆಂಪು ಅಂಚು ಕಣ್ಣಿಗೆ ಕಟ್ಟಿತು. ಅಷ್ಟರಲ್ಲಿ ಒಳಗಿನಿಂದ ಅತ್ತಿಗೆಯ ದನಿ ಬಂತು: “ಬಿಡ್ರೀ, ನಮ್ಮ ಎಂಜ್ಲು ಮೇಷ್ಟ್ರಿಗೆ ಸೇರಕಿಲ್ಲ.” ಆ ಮಾತು ನಿಜವಾಗಿತ್ತು, ಆದ್ದರಿಂದ ಅದನ್ನು ನಾನು ಅಲ್ಲಗಳೆಯಲಿಲ್ಲ.

ಅಣ್ಣ ಕ್ಯಾನು ಎತ್ತಿಕೊಂಡ. “ಸರಿ ಹಂಗಾದ್ರೆ. ಕದ್ದು ಮುಚ್ಚಿ ಆಗೋದು ಬೇಡ. ಹಿರೀರನ್ನ ಕರಿತೀನಿ. ಬರೋ ಭಾನ್ವಾರ ಬಿಟ್ಟು ಅದರ ಮುಂದಿನ ಭಾನ್ವಾರ.”

ಅಂದರೆ ಅಪ್ಪ ಬಿಟ್ಟುಹೋದ ಮನೆ ಒಂದಾಗಿ ಉಳಿಯಲು ಹದಿನೈದು ದಿನವೂ ಇರಲಿಲ್ಲ. ಅದನ್ನು ಒಡೆಯುತ್ತಿದ್ದವನು ನಾನು, ಕಾರಣ ನಾಲ್ಕು ಚೂರು ಹೂಕೋಸು.

ಮರುದಿನ ಬೆಳಿಗ್ಗೆ ಅತ್ತಿಗೆ ನನ್ನ ಬಾಗಿಲ ಮುಂದೆ ಎರಡು ಗೋಣಿತಾಟು ಹಾಸಿದರು. ಒಳಗಿನಿಂದ ರಾಗಿ, ಅಕ್ಕಿ, ತೊಗರಿಬೇಳೆ, ಹುರುಳಿಕಾಳು ತಂದರು. ಸೇರು, ಪಾವು ತಂದರು. ಆ ಪಾವನ್ನು ಅವರು ಹಿಡಿದದ್ದನ್ನು ನಾನು ಎಂದೂ ನೋಡಿರಲಿಲ್ಲ. ತುಂಬಿ, ಬಾಯಿಯ ಮೇಲೆ ಬೆರಳು ಎಳೆದು ಸಮ ಮಾಡಿ, ಆ ಕಡೆಗೊಂದು ಈ ಕಡೆಗೊಂದು ಸುರಿದರು. ಒಂದು ಕಾಳು ಈಚೆಗೆ ಸಿಡಿದರೆ ಎತ್ತಿ ಆಚೆಗೆ ಹಾಕಿದರು.

“ಅತ್ತಿಗೆ, ಇದೆಲ್ಲ ಯಾಕೆ? ನಾನೊಬ್ಬ, ನೀವಿಬ್ಬರು. ನನಗೆ ಅರ್ಧ ಬೇಡ.”

“ಉಣ್ಣೋರು ಮೂರಾದ್ರೂ ಪಾಲು ಎರಡೇ ಕಣಪ್ಪ. ಅಳತೆ ಬೇಕು ಅಂದ್ಯಲ್ಲಾ, ತಗೋ ಅಳತೆ. ಬುಕ್ಕಲ್ಲಿ ಬರ್ಕೋ.”

ಅವರ ಕಣ್ಣು ಒಣಗಿತ್ತು. ಕೈ ಮಾತ್ರ ಬೇಗ ಬೇಗ ಆಡುತ್ತಿತ್ತು. ನಾನು ಮನೆಯಲ್ಲಿ ನೋಡಿದ ಅತ್ಯಂತ ಕರಾರುವಾಕ್ಕಾದ ಕೆಲಸ ಅದೇ. ಅದನ್ನು ನೋಡುವಾಗ ಆದ ಅಸಹ್ಯ ತಪ್ಪಲೆಯನ್ನು ನೋಡಿದಾಗ ಆದದ್ದಕ್ಕಿಂತ ಹೆಚ್ಚಾಗಿತ್ತು. ಅದು ಯಾರ ಮೇಲೆ ಎಂದು ಬರೆಯಬೇಕಾಗಿಲ್ಲ.

ನನ್ನ ಅಡುಗೆಯ ವಿಷಯವನ್ನೂ ಇದ್ದದ್ದು ಇದ್ದಂತೆ ಹೇಳುತ್ತೇನೆ. ಫೋನಿನಲ್ಲಿ ಹೇಳಿದ ಕ್ರಮವನ್ನು ಒಂದಂಶವೂ ತಪ್ಪದೆ ಪಾಲಿಸಿದೆ. ತೊಗರಿಬೇಳೆಯ ಹುಳಿ ಮಾಡಿದೆ. ಅದಕ್ಕೆ ಹೆಸರಿತ್ತು, ಅಳತೆಯಿತ್ತು, ಬಣ್ಣವೂ ಸರಿಯಾಗಿತ್ತು. ರುಚಿ ಒದ್ದೆ ರಟ್ಟಿನಂತಿತ್ತು. ನನ್ನ ಹುಣಸೆಹಣ್ಣು ಹಳೆಯದು, ಫೋನಿನವರು ಹೇಳಿದ್ದು ಹೊಸದು. ನಮ್ಮ ಬೇಳೆ ಮನೆಯದು, ಬೇಯುವುದಕ್ಕೆ ಅವರು ಹೇಳಿದ ಹೊತ್ತು ಸಾಲದು. ಇದನ್ನು ಯಾವ ಅಂಕಣದಲ್ಲಿ ಬರೆಯಬೇಕೋ ತಿಳಿಯಲಿಲ್ಲ. ಮೇಲಾಗಿ ಕ್ರಮವೆಲ್ಲ ನಾಲ್ಕು ಜನರಿಗೆ ಹೇಳಿದ್ದು. ನಾಲ್ಕರಿಂದ ಭಾಗಿಸಿದರೆ ಮಿಕ್ಸಿಯ ಬ್ಲೇಡಿಗೆ ಮಸಾಲೆ ತಾಕುವುದೇ ಇಲ್ಲ. ಹಾಗಾಗಿ ನಾಲ್ಕು ಜನರಿಗೇ ಮಾಡಿ, ಒಬ್ಬನ ಪಾಲು ಉಂಡು, ಮಿಕ್ಕದ್ದನ್ನು ಮೊದಲ ದಿನ ಹಿತ್ತಲಿನ ತೆಂಗಿನ ಬುಡಕ್ಕೆ ಚೆಲ್ಲಿದೆ. ಹಸುವಿಗೆ ಮುಸುರೆ ಇಡಲು ಬಂದ ಅತ್ತಿಗೆ ಅದನ್ನು ನೋಡಿದರು. ಎರಡನೆಯ ದಿನ ಚೆಲ್ಲುವ ಧೈರ್ಯ ಬರಲಿಲ್ಲ. ಬಿಸಿ ಮಾಡಿ ಉಂಡೆ. ಮೂರನೆಯ ದಿನ ಅದು ಗಟ್ಟಿಯಾಗಿತ್ತು. ಕಾಳು ಬೇಯಿಸಿದ ನೀರು ಇತ್ತು, ಹಾಕಿದೆ. ಐದನೆಯ ದಿನ ಒಂದು ಮುಳ್ಳುಸೌತೆ ಬಾಡಿತ್ತು.

ಎಂಟನೆಯ ದಿನ ಚಟ್ನಿ ಮಾಡಿ, ಮಿಕ್ಸಿ ಜಾರಿಗೆ ನೀರು ಹಾಕಿ ಅಲುಗಿಸಿ, ಸಾರಿಗೆ ಸುರಿದೆ. ಸುರಿದ ಮೇಲೆ ಜಾರನ್ನು ಕೈಯಲ್ಲಿ ಹಿಡಿದುಕೊಂಡು ನಿಂತೆ. ಪಾತ್ರೆಯೊಳಗೆ ನೋಡಿದೆ. ಕಂದು ಬಣ್ಣ, ಅಂಚಿನಲ್ಲಿ ಸುಕ್ಕುಗಟ್ಟಿದ ಕೆನೆ, ನಡುವೆ ಯಾವ ದಿನದ್ದೆಂದು ಹೇಳಲಾಗದ ಒಂದು ಬೀನ್ಸ್ ತುಂಡು. ಅದಕ್ಕೆ ಹೆಸರಿರಲಿಲ್ಲ. ಉಪ್ಪು ನೋಡಲು ಅಂಗೈಗೆ ಬಿಟ್ಟುಕೊಂಡಿದ್ದೆ ಎಂಬುದೂ ಆಗಲೇ ಅರಿವಿಗೆ ಬಂದದ್ದು. ಕೈಯನ್ನು ಸೋಪು ಹಾಕಿ ಎರಡು ಸಲ ತೊಳೆದೆ. ಸಾರನ್ನು ಮಾತ್ರ ಚೆಲ್ಲಲಿಲ್ಲ.

ಹೇಳಿದ ಭಾನುವಾರ ಬಂತು, ನವೆಂಬರ್ ಹದಿಮೂರು. ಅಣ್ಣ ಕರೆದದ್ದು ಮೂವರನ್ನು. ಬಂದವರು ಏಳು ಮಂದಿ. ಬೂದಿಗೆರೆಯ ಕಡೆಯಿಂದ ಬಂದ ದೂರದ ಸಂಬಂಧದ ಚಿಕ್ಕಪ್ಪ ಅವರೆಲ್ಲರಿಗಿಂತ ಹಿರಿಯರು. ಜಗಲಿಯಲ್ಲಿ ಕೂತು ಮನೆಯ ಸೂರನ್ನು ಒಮ್ಮೆ, ನನ್ನ ಬಾಗಿಲನ್ನು ಒಮ್ಮೆ ನೋಡಿದರು.

“ಯಾವಾಗ್ಲೂ ಊಟ ಆದ್ಮೇಲೆ ಮಾತು. ಆದ್ರೆ ಇಲ್ಲಿ ಒಲೆ ಎರಡು ಅಂತಾರೆ. ನಾವ್ ಒಂದು ಒಲೇದು ಉಂಡು ನ್ಯಾಯ ಹೇಳಿದ್ರೆ ಇನ್ನೊಬ್ಬ ಒಪ್ತಾನಾ? ಎರಡ್ರದ್ದೂ ಉಣ್ಬೇಕು, ಇಲ್ಲಾ ಎರಡ್ರದ್ದೂ ಬಿಡ್ಬೇಕು. ಏನ್ ಮೇಷ್ಟ್ರೇ, ನಿಮ್ದು ಏನೈತೆ?”

“ಸಾರು ಇದೆ” ಎಂದೆ.

ಅಡುಗೆಮನೆಯಲ್ಲಿ ಏನೋ ಎಡವಟ್ಟಾಗಿರುವುದು ಬಳೆಯ ಸದ್ದಿನಿಂದಲೇ ತಿಳಿಯಿತು. ಎದ್ದು ಹೋದೆ, ಹೊಸ ಒಲೆ ತಂದ ಮೇಲೆ ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಒಲೆಯ ಪಕ್ಕದಲ್ಲಿ ಮುದ್ದೆಗಳು ಸಿದ್ಧವಾಗಿದ್ದವು. ಅತ್ತಿಗೆ ಸೌಟು ಹಿಡಿದು ತಪ್ಪಲೆಯೊಳಗೆ ನೋಡುತ್ತಿದ್ದರು. ನಾನೂ ನೋಡಿದೆ. ತಳ ಕಾಣುತ್ತಿತ್ತು. ಬಿಳಿಯ ಅಲ್ಯೂಮಿನಿಯಂ ತಳ, ಮೇಲೆ ನಾಲ್ಕು ಸೌಟು ತೆಳ್ಳಗಿನ ಸಾರು.

“ಪಾವಲ್ಲಿ ಅಳ್ದು ಮಾಡಿದ್ದೆ ಕಣಪ್ಪಾ. ಅವತ್ತಿಂದ ಅಳ್ದೇ ಮಾಡ್ತಿವ್ನಿ, ಇಬ್ಬರಿಗೆ ಇಷ್ಟು ಅಂತ. ಇವತ್ತು ಮೂವರು ಅಂದ್ರು, ಮೂವರಿಗೆ ಹಾಕ್ದೆ” ಎಂದರು. ಮೊದಲ ಬಾರಿಗೆ ಅವರ ದನಿ ನಡುಗಿತು. “ಏಳು ಜನ ಬಂದವ್ರೆ. ಬಂದೋರಿಗೆ ಸಾರಿಲ್ಲ ಅಂತ ಈ ಮನೇಲಿ ಎಂದೂ ಅಂದಿಲ್ಲ.”

ಯಾರು ಬರುತ್ತಾರೆಂದು ತಮಗೆ ಮೊದಲೇ ಗೊತ್ತೇ ಎಂದು ಅವರು ಕೇಳಿದ್ದನ್ನು ನಾನು ಉಡಾಫೆಯ ಉತ್ತರವೆಂದು ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಅದು ಉತ್ತರವೇ ಆಗಿತ್ತು.

ಕೋಣೆಗೆ ಹೋಗಿ ನನ್ನ ಪಾತ್ರೆಯನ್ನು ಎರಡು ಕೈಯಲ್ಲಿ ಹಿಡಿದು ತಂದೆ. ಜಗಲಿಯನ್ನು ದಾಟಿಯೇ ಬರಬೇಕು. ಏಳು ಮಂದಿಯೂ ನೋಡಿದರು, ಕಂಬಕ್ಕೆ ಒರಗಿದ್ದ ಅಣ್ಣನೂ ನೋಡಿದ. ತಪ್ಪಲೆಗೆ ಸುರಿದೆ. ಹಲವು ದಿನಗಳ ಆ ಕಂದು ರಾಡಿ ತಳವನ್ನು ಮುಚ್ಚಿತು. ಅತ್ತಿಗೆ ಸೌಟು ಆಡಿಸಿದರು. ಅಂಗೈಗೆ ಬಿಟ್ಟುಕೊಂಡು ನೆಕ್ಕಿದರು.

“ಇದೇನು ಹಾಕಿದ್ಯಾ? ಮುಳ್ಳುಸೌತೆನಾ?”

“ಹೂಂ.”

“ಜಾರ್ ತೊಳ್ದ ನೀರು?”

ನಾನು ಖಾಲಿ ಪಾತ್ರೆಯನ್ನು ಕೆಳಗಿಟ್ಟೆ. ಅವರು ನಗಲಿಲ್ಲ, ಸೆರಗಿನಿಂದ ಕಣ್ಣು ಒರೆಸಿ, ಅದೇ ಸೆರಗಿಗೆ ಅಂಗೈಯನ್ನೂ ಒರೆಸಿದರು. “ಉಪ್ಪು ಜಾಸ್ತಿ ಆಗೈತೆ” ಎಂದು ಬಿಸಿನೀರು ಹೊಯ್ದು, ಕಾಯಿ ರುಬ್ಬಿದರು. ಕೊನೆಗೆ ಎಲ್ಲಿಂದಲೋ ಒಂದು ಬಟ್ಟಲು ಹುಳಿ ಮಜ್ಜಿಗೆ ತಂದು ಸೇರಿಸಿದರು. ತಪ್ಪಲೆ ಕಂಠದವರೆಗೂ ಬಂತು.

ಚಿಕ್ಕಪ್ಪ ಮೊದಲ ತುತ್ತು ನುಂಗಿ, ಎಲೆಯ ಮೇಲಿನ ಸಾರನ್ನು ಬೆರಳಿನಿಂದ ಎಳೆದು ನೋಡಿದರು.

“ಯಾವ್ ಒಲೇದಮ್ಮಾ ಇದು?”

“ಗೊತ್ತಿಲ್ಲ ಮಾವ. ಎರಡೂ ಒಂದ್ರಲ್ಲೇ ಐತೆ.”

“ಹಂಗಾದ್ರೆ ಪಾಲು ಮಾಡು ಅಂದ್ರೆ ನಾವೆಂಗೆ ಮಾಡೋದು? ಇದ್ರಲ್ಲಿ ಯಾರ್ದು ಎಷ್ಟು ಅಂತ ಯಾರು ತೆಗೀತಾರೆ?” ಎಂದು ಅವರು ಅಣ್ಣನ ಕಡೆ ತಿರುಗಿದರು. “ನಿನ್ ತಮ್ಮನ್ನ ಕೇಳು, ಈಗ್ಲೇ.”

ಅಣ್ಣ ನನ್ನನ್ನು ನೋಡಿದ. ಆ ಸಂಜೆ ಹೇಳದೆ ನುಂಗಿದ್ದ ಎರಡಕ್ಷರವನ್ನು ನಾನೇ ಹೇಳಿದೆ. “ಇಲ್ಲ. ನಾನು ಬೇರೆಯಾಗಿಲ್ಲ.” ಗಂಟಲು ಒಡೆದು ಅದು ಪಿಸುಮಾತಾಗಿ ಬಂತು, ಆದರೂ ಎಲ್ಲರಿಗೂ ಕೇಳಿಸಿತು. ಅಣ್ಣ, “ಸಾರು ಹಾಕು ಅವನ್ಗೆ” ಎಂದು ಅತ್ತಿಗೆಗೆ ಹೇಳಿದ.

ಹಾಕಿದರು. ಉಂಡೆ. ಕೆಟ್ಟದಾಗಿತ್ತು. ಮುಳ್ಳುಸೌತೆ ಲೋಳೆಯಾಗಿತ್ತು, ಮಜ್ಜಿಗೆ ಒಡೆದು ಗರಣೆಗರಣೆಯಾಗಿ ತೇಲುತ್ತಿತ್ತು. ಹಿರಿಯರು ಮಾತ್ರ ಎರಡನೆಯ ಸಲ ಹಾಕಿಸಿಕೊಂಡರು. ಅವರ ರುಚಿಯ ಬಗ್ಗೆ ನನಗೆ ಇರುವ ಅಭಿಪ್ರಾಯವನ್ನು ಇಲ್ಲಿ ಬರೆಯುವುದಿಲ್ಲ.

ಆ ತಪ್ಪಲೆಯನ್ನು ಕಂಡರೆ ನನಗೆ ಇಂದಿಗೂ ಹೇಸಿಗೆಯೇ. ಅತ್ತಿಗೆ ಅಂಗೈ ನೆಕ್ಕುವಾಗ ನಾನು ಮುಖ ತಿರುಗಿಸುತ್ತೇನೆ. ಅವರೂ ಈಗ ನನ್ನ ಮರ್ಯಾದೆಗೆ ಬೆನ್ನು ತಿರುಗಿಸಿ ನೆಕ್ಕುತ್ತಾರೆ. ಗೋಬಿಯನ್ನು ಮಾತ್ರ ಹಾಕಕೂಡದೆಂದು ಒಪ್ಪಂದವಾಗಿದೆ. ನನ್ನ ಒಲೆ ಅಟ್ಟಕ್ಕೆ ಹೋಗಲಿಲ್ಲ. ಅದನ್ನು ಅಡುಗೆಮನೆಗೆ ಒಯ್ದು ಹಳೆಯ ಒಲೆಗೆ ತಾಗಿಸಿ ಇಟ್ಟಿದ್ದಾರೆ. ಅದರ ಮೇಲೆ ಈಗ ಮುದ್ದೆಗೆ ಎಸರು ಇಡುತ್ತಾರೆ. ಹನ್ನೊಂದು ಪುಟ ತುಂಬಿದ ಪುಸ್ತಕದಲ್ಲಿ ಮುಂದಿನ ಪುಟಗಳು ಖಾಲಿ ಇವೆ. ಕೊನೆಯ ನಮೂದು ಮಾತ್ರ ಬೇರೆ ಶಾಯಿಯಲ್ಲಿದೆ. ಅದರಲ್ಲಿ ಸಾಮಗ್ರಿಯೂ ಇಲ್ಲ, ಪ್ರಮಾಣವೂ ಇಲ್ಲ. ಕಾಲದ ಅಂಕಣದಲ್ಲಿ ಮಾತ್ರ ಬರೆದಿದ್ದೇನೆ: ಭಾನುವಾರ, ೧೩ ನವೆಂಬರ್ ೨೦೨೨.